ಹರಿಯಲೆಂದೇ ಹೊಲಿದ ದಾರ

ನೀವು ಈ ಕೆಲಸಕ್ಕೆ ಹೊಸದಾಗಿ ಸೇರಿದ ದಿನ ಯಾರಾದರೊಬ್ಬರು ನಿಮ್ಮನ್ನು ದಾರದ ಕಪಾಟಿನ ಮುಂದೆ ನಿಲ್ಲಿಸಿ, ಬೇಕಾದ್ದು ತಗೊಳ್ಳಿ ಅನ್ನುತ್ತಾರೆ. ನಿಮ್ಮ ಕೈ ಎಲ್ಲಕ್ಕಿಂತ ದಪ್ಪನೆಯ ಉಂಡೆಗೆ ಹೋಗುತ್ತದೆ. ಹೋಗಿಯೇ ಹೋಗುತ್ತದೆ, ಬೇಕಾದರೆ ಪಂದ್ಯ ಕಟ್ಟುತ್ತೇನೆ. ನನ್ನ ಕೈಯೂ ಅಲ್ಲಿಗೇ ಹೋಗಿತ್ತು. ಚರ್ಮ ಗಟ್ಟಿ, ಆದ್ದರಿಂದ ದಾರವೂ ಗಟ್ಟಿ ಇರಬೇಕು ಎಂಬುದು ಹೊಸಬರ ತರ್ಕ. ಆ ತರ್ಕ ಎಷ್ಟು ಪೊಳ್ಳು ಎಂದು ಪೂರ್ತಿ ತಿಳಿಯುವ ಹೊತ್ತಿಗೆ ನನ್ನ ಸರ್ವೀಸೇ ಮುಗಿಯುತ್ತ ಬಂದಿತ್ತು. ನಿಮಗೆ ಅಷ್ಟು ಕಾಲ ಹಿಡಿಯಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ನನ್ನ ಹೆಸರು ಎರ್ರೆಪ್ಪ. ಬಳ್ಳಾರಿಯ ಒಂದು ಆಸ್ಪತ್ರೆಯ ಹಿಂಬದಿಯ ಕೋಣೆಯಲ್ಲಿ, ಪಾದದ ಸ್ಪರ್ಶ ಕಳೆದುಕೊಂಡವರಿಗೆ ಚಪ್ಪಲಿ ಹೊಲಿಯುವ ಕೆಲಸ ಮಾಡಿ ಈಚೆಗೆ ನಿವೃತ್ತನಾದೆ. ಸಕ್ಕರೆ ಕಾಯಿಲೆ ಹಳತಾದರೆ ಕೆಲವರಿಗೆ ಪಾದ ಜೋಮು ಹಿಡಿದಂತಾಗಿ, ಕೊನೆಗೆ ಮುಳ್ಳು ಚುಚ್ಚಿದರೂ ಗೊತ್ತಾಗದ ಸ್ಥಿತಿ ಬರುತ್ತದೆ. ಚಪ್ಪಲಿ ಎಲ್ಲಿ ಕಚ್ಚುತ್ತದೆ ಎಂದು ಹಾಕಿಕೊಂಡವರಿಗೆ ಗೊತ್ತಾಗಬೇಕು. ನಮ್ಮಲ್ಲಿಗೆ ಬರುವವರಿಗೆ ಅದೇ ಗೊತ್ತಾಗುವುದಿಲ್ಲ. ಅದಕ್ಕೇ ಅವರ ಚಪ್ಪಲಿಗೆ ಒಂದೇ ಒಂದು ಮೊಳೆಯನ್ನೂ ಹೊಡೆಯುವಂತಿಲ್ಲ. ಅಟ್ಟೆ ಸವೆದು ಮೊಳೆ ಮೇಲೆದ್ದರೆ ಅವರು ಅದರ ಮೇಲೆಯೇ ದಿನವಿಡೀ ಓಡಾಡಿ, ಸಂಜೆ ನೆಲದ ಮೇಲೆ ರಕ್ತ ಕಂಡಾಗ ಇದು ಯಾರದ್ದು ಎಂದು ಹುಡುಕುತ್ತಾರೆ. ಮೊಳೆ ಇಲ್ಲವೆಂದ ಮೇಲೆ ಚಪ್ಪಲಿಯ ಭಾರವೆಲ್ಲ ದಾರದ ಮೇಲೆ. ಆದ್ದರಿಂದ ಈ ಬರಹವೂ ದಾರದ ಮೇಲೆಯೇ. ಬಡ್ತಿ, ಬೀಳ್ಕೊಡುಗೆ, ಹಾರ, ಶಾಲು ಇವನ್ನೆಲ್ಲ ಬಿಡುತ್ತೇನೆ. ಶಾಲಂತೂ ಬಳ್ಳಾರಿಯ ಬಿಸಿಲಿನಲ್ಲಿ ಯಾವ ಉಪಯೋಗಕ್ಕೂ ಬರಲಿಲ್ಲ.

ನಮ್ಮೂರು ಸಿರುಗುಪ್ಪ. ಅಪ್ಪ ಬಾರುಕೋಲು, ಎತ್ತಿನ ಕೊರಳಪಟ್ಟಿ, ಹೊಲಕ್ಕೆ ಹೋಗುವವರ ಮೆಟ್ಟು ಮಾಡುತ್ತಿದ್ದ. ತೊಗಲಿನಿಂದಲೇ ಸೀಳಿ ತೆಗೆದ ಬಾರಿನಿಂದ ತೊಗಲನ್ನು ಹೊಲಿಯುತ್ತಿದ್ದುದರಿಂದ ನಮ್ಮ ಮನೆಯಲ್ಲಿ ದಾರದ ಮಾತೇ ಬರುತ್ತಿರಲಿಲ್ಲ. ಆ ಮನೆಯಲ್ಲಿ ಬೆಳೆದ ನಾನು, ನನಗೆ ಗೊತ್ತಿಲ್ಲದ್ದು ಇಲ್ಲೇನಿದೆ ಎಂಬ ಠೇಂಕಾರದಲ್ಲೇ ಆಸ್ಪತ್ರೆಯ ಕೋಣೆಗೆ ಕಾಲಿಟ್ಟೆ. ಅಲ್ಲಿ ಹಿರಿಯರೆಂದರೆ ಖಾದರ್ ಸಾಬರು. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ನಕ್ಕು, ಒಂದು ಉಂಡೆ ಬಿಳಿ ದಾರ ಮತ್ತು ಒಂದು ಮುದ್ದೆ ಜೇನುಮೇಣ ಕೈಗಿಟ್ಟು, ಮೇಣ ತಿಕ್ಕು ಅಂದರು. ವಾರಗಟ್ಟಲೆ ಅದೊಂದೇ ಕೆಲಸ. ದಾರವನ್ನು ಮೇಣದ ಮೇಲೆ ಎಳೆಯುವುದು, ಬೆರಳಿನ ಬಿಸಿಗೆ ಮೇಣ ಎಳೆಯೊಳಗೆ ಇಳಿಯುವ ತನಕ ಉಜ್ಜುವುದು. ಆರಿ ಮುಟ್ಟಲು ಬಿಡಲಿಲ್ಲ. ಚರ್ಮ ಚುಚ್ಚುವ ಆ ಆರಿಯನ್ನು ಹುಟ್ಟಿದಾಗಿನಿಂದ ನೋಡಿದ್ದ ನನಗೆ ಇದು ದೊಡ್ಡ ಅವಮಾನವೆನಿಸಿ, ಮನೆಗೆ ಹೋಗಿ ಹೆಂಡತಿಯ ಮುಂದೆ ಹಾರಾಡುತ್ತಿದ್ದೆ.

ಆ ವಾರಗಳಲ್ಲಿ ಬೆರಳಿಗೆ ಬಂದ ಬುದ್ಧಿ ಆಮೇಲೆ ಯಾವ ತರಬೇತಿಯಲ್ಲೂ ಸಿಗಲಿಲ್ಲ. ಒಳ್ಳೆಯ ದಾರವನ್ನು ಹುರಿಯ ಎದುರು ದಿಕ್ಕಿಗೆ ತಿರುಗಿಸಿದರೂ ಎಳೆಗಳು ಸಲೀಸಾಗಿ ಬಿಚ್ಚಿಕೊಳ್ಳುವುದಿಲ್ಲ. ಕೆಟ್ಟದ್ದು ಕೂಡಲೇ ಬಾಯಿ ಬಿಡುತ್ತದೆ. ಉಗುರಿನ ಮೇಲೆ ಎಳೆದಾಗ ದಾರ ಒಂದು ಕಡೆ ದಪ್ಪ, ಒಂದು ಕಡೆ ತೆಳು ಎಂದು ತೋರಿದರೆ ಅದನ್ನು ಕಪಾಟಿಗೆ ವಾಪಸ್ ಇಡಿ. ಮೊದಲ ವರ್ಷ ಬಿಳಿ ದಾರವನ್ನೇ ಬಳಸಿ. ಕಪ್ಪು ದಾರದಲ್ಲಿ ಹೊಲಿಗೆ ಚಂದ ಕಾಣುತ್ತದೆ, ಏಕೆಂದರೆ ತಪ್ಪುಗಳೆಲ್ಲ ಕತ್ತಲಲ್ಲಿ ಕೂತಿರುತ್ತವೆ. ಬಿಳಿ ದಾರ ನಿಮ್ಮ ಸೊಟ್ಟ ಹೊಲಿಗೆಯನ್ನು ಊರಿಗೆಲ್ಲ ಸಾರುತ್ತದೆ, ನಿಮಗೆ ಬೇಗ ನಾಚಿಕೆಯಾಗುತ್ತದೆ, ಬೇಗ ಕಲಿಯುತ್ತೀರಿ. ಇನ್ನು ದಪ್ಪದ ವಿಷಯ. ತೆಳು ಪಟ್ಟಿಗೆ ದಪ್ಪ ದಾರ ಹಾಕಿದರೆ ಮೂಗಿಗಿಂತ ಮೂಗುತಿ ಭಾರ. ದಾರ ದಪ್ಪವಾದಷ್ಟೂ ತೂತು ದೊಡ್ಡದಾಗಬೇಕು, ತೂತು ದೊಡ್ಡದಾದಷ್ಟೂ ಪಟ್ಟಿಯಲ್ಲಿ ಚರ್ಮವೇ ಉಳಿಯುವುದಿಲ್ಲ.

ಒಂದು ದಿನ ನಾನು ಸಾಬರ ಕಣ್ಣು ತಪ್ಪಿಸಿ, ದಪ್ಪ ನೈಲಾನ್ ದಾರದಲ್ಲಿ ಒಂದು ಪಟ್ಟಿ ಹೊಲಿದು ತಂದು, ಇದನ್ನು ಆನೆಯೂ ಹರಿಯಲಾರದು ಎಂದು ಅವರ ಮುಂದಿಟ್ಟೆ. ಅವರು ಒಂದು ತುದಿಯನ್ನು ಕಾಲಲ್ಲಿ ಒತ್ತಿ ಹಿಡಿದು, ಇನ್ನೊಂದು ತುದಿಯನ್ನು ಕೈಯಲ್ಲಿ ಜಗ್ಗಿದರು. ದಾರಕ್ಕೆ ಏನೂ ಆಗಲಿಲ್ಲ. ಸಾಬೂನನ್ನು ದಾರ ಹಾಕಿ ಸೀಳಿದ ಹಾಗೆ, ಆ ನೈಲಾನು ಚರ್ಮವನ್ನೇ ತೂತಿನಿಂದ ತೂತಿಗೆ ಸೀಳಿಕೊಂಡು ಹೊರಬಂತು.

“ಎರ್ರೆಪ್ಪ, ದಾರ ಹರೀಬೇಕು, ತೊಗಲು ಹರೀಬಾರ್ದು. ದಾರ ಹರಿದ್ರ ಮತ್ತ ಹೊಲೀತಿ. ತೊಗಲು ಹರಿದ್ರ ಏನ್ ಹೊಲೀತಿ?” ಅಂದರು.

ಅವರು ಚಪ್ಪಲಿಯ ತೊಗಲಿನ ಮಾತು ಹೇಳುತ್ತಿದ್ದಾರೆ ಎಂದುಕೊಂಡೆ. ಕಾಲಿನ ತೊಗಲಿಗೂ ಅದೇ ಮಾತು ಎಂಬುದು ತಿಳಿಯಲು ಬಹಳ ವರ್ಷ ಹೋಗಬೇಕಾಯಿತು.

ಹೊಸದರಲ್ಲಿ ಬಂದ ಒಂದು ಪ್ರಕರಣ ಕುರುಗೋಡಿನ ಮೇಷ್ಟ್ರದು. ನಿವೃತ್ತರು, ಸಕ್ಕರೆ ಕಾಯಿಲೆಯವರು, ಬೆಳಗಾದರೆ ಊರ ಪಕ್ಕದ ಕಲ್ಲುಗುಡ್ಡ ಹತ್ತಿ ಇಳಿಯುವ ಚಟದವರು. ಅವರ ಚಪ್ಪಲಿಯ ತಳದ ಹೊಲಿಗೆ ಪದೇ ಪದೇ ಸವೆದು ಹೋಗುತ್ತಿತ್ತು. ದಾರ ಸಾಲದು ಎಂದು ನಾನು ಇನ್ನಷ್ಟು ದಪ್ಪದ್ದು ಹಾಕಿ ಕಳಿಸಿದೆ. ಅದು ಮೊದಲಿನದಕ್ಕಿಂತ ಬೇಗ ಸವೆಯಿತು. ಸಿಟ್ಟು ಬಂದು, ನೀವು ಗುಡ್ಡ ಹತ್ತುವುದನ್ನು ಬಿಡಬೇಕು ಎಂದು ಅವರಿಗೇ ದಬಾಯಿಸಿದೆ. ನನ್ನಂಥ ಎಷ್ಟೋ ಹುಡುಗರ ಕಿವಿ ಹಿಂಡಿದ್ದ ಮೇಷ್ಟ್ರು ಬಹಳ ತಾಳ್ಮೆಯಿಂದ, ಕುರುಗೋಡಿನಾಗ ಇದ್ದು ಗುಡ್ಡ ಹತ್ತಬ್ಯಾಡ ಅಂದ್ರ ಎಂಗಪ್ಪಾ ಎಂದು ಕೇಳಿದರು. ಖಾದರ್ ಸಾಬರು ಆ ಚಪ್ಪಲಿಯನ್ನು ಮಗುಚಿ, ತಳದ ಮೇಲೆ ಬೆರಳಾಡಿಸಿ, ಚರ್ಮ ಕೊಯ್ಯುವ ರಂಪಿಗಿಯ ಮೊನೆಯಿಂದ ಹೊಲಿಗೆಯ ಸಾಲಿನಲ್ಲಿ ಒಂದು ಸಣ್ಣ ಕಾಲುವೆ ಕೊರೆದರು. ದಾರ ಆ ಕಾಲುವೆಯೊಳಗೆ ಕೂತಿತು, ಕಲ್ಲಿಗೆ ಸಿಗದಾಯಿತು. ದಾರ ಬದಲಿಸುವ ಮೊದಲು ಅದಕ್ಕೆ ಕೂರಲು ಜಾಗ ಕೊಟ್ಟಿದ್ದೀಯಾ ನೋಡಿಕೋ ಎಂದರು. ಅಂದಿನಿಂದ ತಳಕ್ಕೆ ಕಾಲುವೆ ಕೊರೆಯದೆ ನಾನು ಒಂದು ಜೊತೆಯನ್ನೂ ಹೊಲಿದದ್ದಿಲ್ಲ. ಕಾಲುವೆ ಎಷ್ಟು ಆಳ ಇರಬೇಕು ಎಂಬುದು ಮುಂದೆ ಈ ಕಥೆಯಲ್ಲಿ ಬರುತ್ತದೆ, ನೆನಪಿಟ್ಟುಕೊಳ್ಳಿ.

ಸಾಬರು ನಿವೃತ್ತರಾದ ಮೇಲೆ ಅಂಟು ಬಂತು, ಯಂತ್ರ ಬಂತು. ಆಗಿನ ಮೇಲ್ವಿಚಾರಕರು ಒಳ್ಳೆಯವರೇ, ಆದರೆ ಅವಸರದವರು. ದಿನಕ್ಕೆ ಇನ್ನಷ್ಟು ಜೊತೆ ಆಗಬೇಕು, ಸೂಜಿ ಹಿಡಿದು ಕೂರುವ ಕಾಲ ಹೋಯಿತು ಎನ್ನುತ್ತಿದ್ದರು. ನಾನು ವಾದಿಸಿದೆ. ಯಂತ್ರದ ಹೊಲಿಗೆಯಲ್ಲಿ ಒಂದು ಕಡೆ ದಾರ ಹರಿದರೆ ಸಾಲೇ ಬಿಚ್ಚಿಕೊಳ್ಳುತ್ತದೆ. ಎರಡು ಸೂಜಿ ಹಾಕಿ, ಒಂದೇ ತೂತಿನಲ್ಲಿ ಎರಡೂ ಕಡೆಯಿಂದ ದಾರ ದಾಟಿಸಿ ಕೈಯಲ್ಲಿ ಹೊಲಿದರೆ, ಒಂದು ಹರಿದರೂ ಪಕ್ಕದ್ದು ಬಿಡುವುದಿಲ್ಲ. ಅವರಿಗೆ ಇದು ಹಳೆಯ ಕಾಲದವನ ಹಟ ಎನಿಸಿತು. ಬೇಸಿಗೆ ಬಂತು. ಅವರು ತಾವೇ ಅಂಟಿನ ಚಪ್ಪಲಿ ಹಾಕಿಕೊಂಡು ನೋಡೋಣವೆಂದು ಒಂದು ಜೊತೆ ಒಯ್ದು, ಬಿಸಿಲಲ್ಲಿ ನಿಂತ ಸ್ಕೂಟರಿನ ಮೇಲೆ ಮರೆತರು. ಮಧ್ಯಾಹ್ನ ಬಂದು ಎತ್ತಿಕೊಂಡಾಗ ಪಟ್ಟಿ ಕೈಗೆ ಬಂತು, ಅಟ್ಟೆ ಸೀಟಿಗೇ ಅಂಟಿತ್ತು. ಅವರು ಜೋರಾಗಿ ನಕ್ಕರು, ನಾನೂ ನಕ್ಕೆ. ಸ್ಪರ್ಶವಿಲ್ಲದ ಕಾಲುಗಳಿಗೆ ಕೈಹೊಲಿಗೆಯೇ ಇರಲಿ ಎಂದು ಅವರೇ ತೀರ್ಮಾನಿಸಿ, ಒಳ್ಳೆಯ ದಾರ ತರಿಸಿಕೊಟ್ಟರು.

ಇನ್ನು ಹುಲಿಗೆಮ್ಮನ ವಿಷಯ. ಈ ಬರಹವೆಲ್ಲ ಅವಳ ಎಡಗಾಲಿಗಾಗಿಯೇ ಎಂದರೂ ಸರಿ.

ಅವಳು ರಾರಾವಿಯವಳು. ಸಿರುಗುಪ್ಪದ ಒಂದು ಅಕ್ಕಿ ಗಿರಣಿಯ ಕಣದಲ್ಲಿ, ಕುದಿಸಿದ ಭತ್ತವನ್ನು ಸಿಮೆಂಟಿನ ನೆಲದ ಮೇಲೆ ಹರವಿ, ಒಣಗುವ ತನಕ ತಿರುವಿ ಹಾಕುವ ಕೆಲಸ. ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ. ನಮ್ಮ ಕೋಣೆಗೆ ಮೊದಲ ಸಲ ಬಂದಾಗ ಎಡಗಾಲಿನ ಒಂದು ಬೆರಳು ಆಗಲೇ ಹೋಗಿತ್ತು. ಅಳತೆ ತೆಗೆಯಲು ನಾನು ಕಾಲು ಹಿಡಿಯಹೋದರೆ, ನೀವು ಹಿರಿಯರು ಕಾಲು ಮುಟ್ಟಬ್ಯಾಡ್ರಿ ಎಂದು ಸೀರೆಯೊಳಗೆ ಎಳೆದುಕೊಂಡಳು. ಕಾಲು ಮುಟ್ಟುವುದೇ ನನ್ನ ನೌಕರಿ, ಕೊಡವ್ವಾ ಎಂದು ರೇಗಿದ ಮೇಲೆ ಮುಂದೆ ಚಾಚಿದಳು. ನಮ್ಮ ಡಾಕ್ಟರಮ್ಮ ಕಡ್ಡಿ ಮುರಿದಂತೆ ಮಾತಾಡುವವರು. ಪಾದದ ಮುಂಭಾಗದಲ್ಲಿ, ಬೆರಳು ಹೋದ ಆ ಜಾಗದಲ್ಲಿ ಮತ್ತೆ ಗಾಯ ಆಳಕ್ಕಿಳಿದರೆ ಪಾದ ತೆಗೆಯಬೇಕಾಗುತ್ತದೆ ಎಂದು ಅವಳಿಗೂ ಹೇಳಿದರು, ನನಗೂ ಹೇಳಿದರು. ಪಾದ ಹೋದರೆ ಕಣದ ಕೆಲಸ ಹೋಯಿತು. ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಮೊದಲ ಜೊತೆಯನ್ನು ನನಗೆ ಬಹಳ ಪ್ರೀತಿಯ ಲಿನನ್ ದಾರದಲ್ಲಿ ಹೊಲಿದೆ. ನಾರಿನ ದಾರ, ಮೇಣ ಕುಡಿಯುತ್ತದೆ, ತೂತಿನಲ್ಲಿ ಗಟ್ಟಿಯಾಗಿ ಕೂರುತ್ತದೆ. ಒಣಗಿದ ನೆಲದಲ್ಲಿ ಓಡಾಡುವವರಿಗೆ ಅದರಂಥದ್ದು ಇನ್ನೊಂದಿಲ್ಲ. ಆದರೆ ಹುಲಿಗೆಮ್ಮ ದಿನವೆಲ್ಲ ಬಿಸಿಬಿಸಿ ಒದ್ದೆ ಭತ್ತದ ಮೇಲೆ ನಿಲ್ಲುವವಳು. ದಾರ ಒಳಗೊಳಗೇ ಕೊಳೆತು, ಎಳೆದರೆ ಹಳೆಯ ಹುಲ್ಲಿನಂತೆ ಕೈಗೆ ಬಂತು. ಎರಡನೆಯ ಸಲ ಪಾಲಿಯೆಸ್ಟರ್ ದಾರಕ್ಕೆ ಮೇಣ ತಿಕ್ಕಿ ಹೊಲಿದೆ. ಅದು ಕೊಳೆಯಲಿಲ್ಲ. ಇಲ್ಲಿಂದ ನೀವು ಕಲಿಯಬೇಕಾದ್ದಿಷ್ಟು: ದಾರ ಆರಿಸುವ ಮೊದಲು ಚರ್ಮವನ್ನು ನೋಡಬೇಡಿ, ಈ ಕಾಲು ದಿನವೆಲ್ಲ ಎಲ್ಲಿ ನಿಲ್ಲುತ್ತದೆ ಎಂದು ಕೇಳಿ. ಸಿರುಗುಪ್ಪದ ಒದ್ದೆಗೆ ಒಂದು, ಕುರುಗೋಡಿನ ಕಲ್ಲಿಗೆ ಒಂದು.

ದಾರ ಗೆದ್ದಿತು ಎಂದು ನಾನು ಬೀಗುವಷ್ಟರಲ್ಲಿ ಪಟ್ಟಿಯ ಬಕಲ್ ಕಿತ್ತುಹೋಯಿತು. ಬಳ್ಳಾರಿಗೆ ಬರುವುದೆಂದರೆ ಒಂದು ದಿನದ ಕೆಲಸ ಹೋಗುತ್ತದೆಂದು ಹುಲಿಗೆಮ್ಮ ರಸ್ತೆ ಬದಿಯಲ್ಲೇ ಹೊಲಿಸಿಕೊಂಡಳು. ಹೊಲಿದವನ ತಪ್ಪೇನಿಲ್ಲ, ಅವನು ಎಲ್ಲರಿಗೂ ಹೊಲಿಯುವಂತೆ ಹೊಲಿದ. ನೈಲಾನ್ ದಾರ ಹಾಕಿ, ಅಟ್ಟೆಯ ಮೇಲೆ ಪಾದದ ಕಡೆಗೇ ಗಂಟು ಬಿಟ್ಟು, ತುದಿ ಬಿಚ್ಚದಿರಲಿ ಎಂದು ಕಡ್ಡಿ ಗೀರಿ ಸುಟ್ಟ. ಸುಟ್ಟ ನೈಲಾನು ಆರಿದ ಮೇಲೆ ಜೋಳದ ಕಾಳಿನಂತೆ ಗಟ್ಟಿಯಾಗುತ್ತದೆ. ನಮ್ಮ ನಿಮ್ಮ ಕಾಲಿಗೆ ಅದು ಒತ್ತಿದರೆ ಎರಡು ಹೆಜ್ಜೆಗೆ ಚಪ್ಪಲಿ ಬಿಚ್ಚಿ ನೋಡುತ್ತೇವೆ. ಅವಳು ಅದರ ಮೇಲೆ ವಾರವೆಲ್ಲ ಭತ್ತ ತಿರುವಿದಳು. ಅವಳ ಕಾಲಿನ ಸುತ್ತ ನೊಣ ಮುತ್ತುವುದನ್ನು ಪಕ್ಕದವಳು ನೋಡಿ ಹೇಳಿದ ಮೇಲೆಯೇ ಆಸ್ಪತ್ರೆಗೆ ಬಂದದ್ದು.

ಆ ಗಾಯ ಮಾಯಲು ಬಹಳ ದಿನ ಹಿಡಿಯಿತು. ಡಾಕ್ಟರಮ್ಮ ಈ ಸಲ ಪಾದ ಉಳಿಸಿದರು, ಮುಂದಿನ ಸಲ ತಮ್ಮ ಕೈಯಲ್ಲಿಲ್ಲ ಎಂದು ಅವಳೆದುರೇ ಹೇಳಿದರು. ನನಗೆ ಸಿಟ್ಟು ತಡೆಯಲಾಗಲಿಲ್ಲ. ಗಾಯ ಆಗುವ ಮೊದಲು ಬರಬೇಕೆಂದು ಎಷ್ಟು ಸಲ ಬಡಿದುಕೊಳ್ಳಲಿ ಎಂದು ಕೂಗಾಡಿದೆ. ನನ್ನ ಕೂಗಾಟ ಮುಗಿದ ಮೇಲೆ ಅವಳು ಮಾತಾಡಿದಳು.

“ಯಣ್ಣಾ, ನನ್ ಕಾಲು ಮೂಗಾಗೈತಿ. ಅದು ಏನೂ ಹೇಳಂಗಿಲ್ಲ. ಗಾಯ ಆದಮ್ಯಾಲೆನs ನನಗ ತಿಳೀತೈತಿ. ಮೊದ್ಲ ಬಾ ಅಂತಿ, ಮೊದ್ಲು ಅಂದ್ರ ಯಾವಾಗ? ನೀನs ಹೇಳು.”

ಒಳಗಿನ ಮೆತ್ತನೆ ರಬ್ಬರು ಚಪ್ಪಟೆಯಾಗಿ, ತಳ ಸವೆದು, ಒತ್ತಡವೆಲ್ಲ ಒಂದೇ ಜಾಗಕ್ಕೆ ಬೀಳತೊಡಗಿದಾಗ ಗಾಯ ಹುಟ್ಟುತ್ತದೆ. ಆ ದಿನ ಯಾವುದು ಎಂದು ನನಗೆ ಚಪ್ಪಲಿ ಕೈಗೆ ಬಂದರೆ ತಿಳಿಯುತ್ತದೆ. ಅವಳಿಗೆ ಹೇಗೆ ತಿಳಿಯಬೇಕು? ನಿವೃತ್ತಿಗೆ ಇನ್ನು ಹೆಚ್ಚು ಕಾಲವಿರಲಿಲ್ಲ. ಈ ಪ್ರಶ್ನೆಗೆ ಉತ್ತರ ಹುಡುಕದೆ ಈ ಕೋಣೆ ಬಿಡುವುದಿಲ್ಲ ಎಂದು ಅಂದೇ ಮನಸ್ಸಿನಲ್ಲಿ ಗಂಟು ಹಾಕಿಕೊಂಡೆ.

ಅದೇ ದಿನಗಳಲ್ಲಿ ನನ್ನ ಜಾಗಕ್ಕೆ ತಯಾರಾಗಲೆಂದು ನಾಗವೇಣಿ ಬಂದಳು. ತರಬೇತಿ ಮುಗಿಸಿದ ಹುಡುಗಿ, ಚುರುಕು, ಬಾಯಿಯೂ ಚುರುಕು. ಅವಳ ತಾಯಿ ಬಳ್ಳಾರಿಯ ಜೀನ್ಸ್ ಹೊಲಿಯುವ ಯೂನಿಟ್ ಒಂದರಲ್ಲಿ ಕೆಲಸಕ್ಕಿದ್ದಳು. ಮೊದಲ ವಾರವೇ ನಾಗವೇಣಿ ಜೀನ್ಸ್ ಪ್ಯಾಂಟಿನ ದಾರದ ದೊಡ್ಡ ಕೋನು ತಂದು ನನ್ನ ಮೇಜಿನ ಮೇಲಿಟ್ಟಳು. ಅರಿಶಿನಕ್ಕೆ ಒಂದಿಷ್ಟು ಕುಂಕುಮ ಬೆರೆಸಿದಂಥ ಹಳದಿ. ಬಳ್ಳಾರಿಯಲ್ಲಿ ಚರ್ಮ ಹೊಲಿಯಲು ಕಲಿಯುವವರೆಲ್ಲ ಒಮ್ಮೆ ಮಾಡಿಯೇ ಮಾಡುವ ತಪ್ಪು ಇದು. ಮನೆಮನೆಯಲ್ಲೂ ಆ ದಾರ ಬಿದ್ದಿರುತ್ತದೆ, ಅಷ್ಟು ಗಟ್ಟಿ ಪ್ಯಾಂಟು ಹೊಲಿಯುತ್ತದೆ, ಚರ್ಮಕ್ಕೇನು ಧಾಡಿ ಎಂದುಕೊಳ್ಳುತ್ತಾರೆ. ಅದು ಯಂತ್ರಕ್ಕೆಂದು ಮಾಡಿದ ದಾರ. ಕೈಹೊಲಿಗೆಯಲ್ಲಿ ಒಂದೇ ಎಳೆಯನ್ನು ತೂತಿನಿಂದ ತೂತಿಗೆ ಎಳೆದೆಳೆದು ತಂದರೆ ಹುರಿ ಬಿಚ್ಚಿ ಎಳೆಗಳು ಕೆದರುತ್ತವೆ. ನಾನು ಒಂದು ಚರ್ಮದ ತುಂಡಿಗೆ ಅದನ್ನೂ ನಮ್ಮ ದಾರವನ್ನೂ ಹೊಲಿದು, ಬಾಗಿಲ ಕಲ್ಲಿನ ಮೇಲೆ ಉಜ್ಜಿ ತೋರಿಸಿದೆ. ಹಳದಿ ದಾರ ಬೇಗನೆ ಕೈ ಬಿಟ್ಟಿತು. ನೋಡಿದೆಯಾ, ಇದು ಪ್ಯಾಂಟಿಗೆ ಮಹಾರಾಜ, ಚಪ್ಪಲಿಗೆ ಬಡಪಾಯಿ ಎಂದು ಛೇಡಿಸಿದೆ.

ನಾಗವೇಣಿ ಹಟದವಳು. ಊಟದ ಬಿಡುವಿನಲ್ಲೆಲ್ಲ ಆ ಕಲ್ಲಿನ ಮುಂದೆ ಕೂತು ಬೇರೆ ಬೇರೆ ದಾರ ಹೊಲಿದು ಉಜ್ಜುತ್ತಿದ್ದಳು. ಬರುವ ಹೋಗುವ ರೋಗಿಗಳು, ಈ ಹುಡುಗಿಗೆ ಕಲ್ಲಿನ ಮೇಲೆ ಏನು ಸಿಟ್ಟು ಎಂದು ಕೇಳುತ್ತಿದ್ದರು. ಕೊನೆಗೊಂದು ದಿನ ನನ್ನ ಹತ್ತಿರ ಬಂದು ನಿಂತಳು.

“ಸರ್, ಹಳದಿ ದಾರ ಬೇಗ ಹರೀತೈತಿ, ಖರೆ. ಆದ್ರ ಪ್ರತಿ ಸಲ ಅಷ್ಟs ಉಜ್ಜಿದಾಗ ಹರೀತೈತ್ರಿ. ಹೆಚ್ಚಿಲ್ಲ, ಕಡಿಮಿ ಇಲ್ಲ.”

ಅದರಿಂದ ಯಾರಿಗೇನು ಉಪಯೋಗ ಎಂದು ಅವಳನ್ನು ಕೆಲಸಕ್ಕೆ ಅಟ್ಟಿದೆ. ಆದರೆ ಆ ಮಾತು ಚಪ್ಪಲಿಯೊಳಗೆ ಸೇರಿದ ಕಲ್ಲಿನಂತೆ ನನ್ನ ತಲೆಯಲ್ಲಿ ಉಳಿದುಬಿಟ್ಟಿತು.

ಹುಲಿಗೆಮ್ಮನ ಗಾಯ ಪೂರ್ತಿ ಮಾಯ್ದು ಅವಳು ಕೆಲಸಕ್ಕೆ ಮರಳಿದ ಮೇಲೆ, ಒಂದು ರಜೆಯ ದಿನ ನಾನು ಸಿರುಗುಪ್ಪದ ಬಸ್ಸು ಹತ್ತಿದೆ. ಅಷ್ಟು ವರ್ಷ ಚಪ್ಪಲಿ ಹೊಲಿದವನು, ಅದು ನಡೆಯುವ ಜಾಗವನ್ನು ಕಣ್ಣಾರೆ ನೋಡಿರಲಿಲ್ಲ. ಗಿರಣಿಯ ಕಣದಲ್ಲಿ ಬಿಸಿಲು ಮೇಲಿಂದಲೂ ಕೆಳಗಿನಿಂದಲೂ ಹೊಡೆಯುತ್ತಿತ್ತು. ಹುಲಿಗೆಮ್ಮ ಮತ್ತು ಉಳಿದ ಹೆಂಗಸರು ಭತ್ತದಲ್ಲಿ ಸಾಲು ಎಳೆಯುತ್ತ ಹೋಗುತ್ತಿದ್ದರು. ಅವಳು ಎಡಗಾಲನ್ನು ಊರುವ ರೀತಿ, ತಿರುಗುವಾಗ ಪಾದದ ಹೊರ ಅಂಚಿನ ಮೇಲೆ ಭಾರ ಹಾಕುವ ರೀತಿ, ಎಲ್ಲ ನೋಡಿದೆ. ಅವಳ ಚಪ್ಪಲಿ ಯಾವಾಗಲೂ ಹೊರ ಅಂಚಿನಿಂದಲೇ ಏಕೆ ಸವೆಯುತ್ತದೆ ಎಂಬುದು ಅಲ್ಲಿ ತಿಳಿಯಿತು.

ಸಂಜೆ ಕೆಲಸ ಬಿಟ್ಟ ಹೆಂಗಸರೆಲ್ಲ ಗೇಟಿನ ಹತ್ತಿರ ಬಂದು ನಿಂತರು. ಒಬ್ಬೊಬ್ಬರೂ ಚಪ್ಪಲಿ ಬಿಚ್ಚಿ, ಕವುಚಿ ಹಿಡಿದು, ಗೇಟಿನ ಪಕ್ಕದ ಕಟ್ಟೆಗೆ ತಟ್ಟಿದರು. ತಳದಲ್ಲಿ ಸಿಕ್ಕಿಕೊಂಡ ಕಾಳುಗಳನ್ನು ಬೆರಳಿಂದ ಬಿಡಿಸಿ ಕಟ್ಟೆಯ ಮೇಲಿನ ಬುಟ್ಟಿಗೆ ಹಾಕಿದರು. ಆಮೇಲೆ ಮೆಟ್ಟಿಕೊಂಡು ಹೊರಗೆ ಹೋದರು. ಇದೇನೆಂದು ಹುಲಿಗೆಮ್ಮನನ್ನು ಕೇಳಿದೆ. ಕಾಳು ಕಾಲಾಗ ಬೀದಿಗೆ ಹೋಗಬಾರ್ದು ಯಣ್ಣಾ, ಯಾರಾರ ತುಳೀತಾರ, ದಿನಾ ಹಿಂಗs ಮಾಡ್ತೀವಿ ಅಂದಳು. ಆ ಗಿರಣಿಯಲ್ಲಿ ಅದು ಹಿಂದಿನಿಂದ ಬಂದ ಪದ್ಧತಿಯಂತೆ, ಧಣಿಯೂ ಕಣಕ್ಕೆ ಬಂದರೆ ತಟ್ಟಿಯೇ ಹೊರಗೆ ಹೋಗುತ್ತಾನಂತೆ.

ನಾನು ಅಲ್ಲೇ ನಿಂತುಬಿಟ್ಟೆ. ಈ ಹೆಂಗಸು ದಿನಾ ಸಂಜೆ, ಒಂದು ದಿನವೂ ತಪ್ಪದೆ, ತನ್ನ ಚಪ್ಪಲಿಯ ತಳವನ್ನು ಕಣ್ಣಿನ ಮುಂದೆ ಹಿಡಿಯುತ್ತಾಳೆ. ಪ್ರತಿ ಸಲ ಅಷ್ಟೇ ಉಜ್ಜಿದಾಗ ಹರಿಯುವ ದಾರವೊಂದು ನಮ್ಮ ಕೋಣೆಯಲ್ಲಿದೆ. ಕಾಲು ಹೇಳದಿದ್ದರೆ ದಾರ ಹೇಳಲಿ. ಬಸ್ಸಿನಲ್ಲಿ ಬಳ್ಳಾರಿಗೆ ವಾಪಸಾಗುವಾಗ ನನ್ನಷ್ಟಕ್ಕೆ ನಾನೇ ನಗುತ್ತಿದ್ದೆನೇನೋ, ಪಕ್ಕದ ಸೀಟಿನವನು ಎದ್ದು ಬೇರೆ ಕಡೆ ಹೋಗಿ ಕೂತ.

ಮರುದಿನ ನಾಗವೇಣಿಯ ಮುಂದೆ ಹಳದಿ ಕೋನು ಇಟ್ಟು, ನೀನು ಹೇಳಿದ್ದೇ ಸರಿ ಎಂದೆ. ಅವಳು ಹಿಗ್ಗಿ ಹೀರೆಕಾಯಿಯಾದಳು. ಇಬ್ಬರೂ ಕೂತು ಲೆಕ್ಕ ಹಾಕಿದೆವು. ತಳದ ಒಳಸಾಲಿಗೆ ಆಳದ ಕಾಲುವೆ ಕೊರೆದು, ಮೇಣ ತಿಕ್ಕಿದ ಬಿಳಿ ಪಾಲಿಯೆಸ್ಟರ್ ದಾರ. ಚಪ್ಪಲಿಯನ್ನು ಹಿಡಿದಿಡುವುದು ಅದೇ. ಹೊರ ಅಂಚಿಗೆ ಇನ್ನೊಂದು ಸಾಲು, ಕಾಲುವೆ ತೀರ ಮೇಲುಮೇಲೆ, ಅದರಲ್ಲಿ ಹಳದಿ ದಾರ. ಅದು ಏನನ್ನೂ ಹಿಡಿದಿಡುವುದಿಲ್ಲ, ಹರಿಯುವುದಷ್ಟೇ ಅದರ ಕೆಲಸ. ತಳ ಯಾವ ಮಟ್ಟಕ್ಕೆ ಸವೆದರೆ ಅಪಾಯವೋ ಅದಕ್ಕಿಂತ ಸ್ವಲ್ಪ ಮೊದಲೇ ನೆಲ ದಾರವನ್ನು ಮುಟ್ಟಬೇಕು. ಅವಳ ಹಳೆಯ ಚಪ್ಪಲಿಗಳನ್ನೆಲ್ಲ ಮುಂದಿಟ್ಟುಕೊಂಡು ಆ ಆಳ ನಿರ್ಧರಿಸಿದೆವು. ಮೊದಲು ಕೊರೆದದ್ದು ಆಳ ಜಾಸ್ತಿಯಾಯಿತು, ಆ ಅಟ್ಟೆಯನ್ನು ಎಸೆದೆವು. ಎರಡನೆಯದರ ಅಂಚು ಸೀಳಿತು, ಅದನ್ನೂ ಎಸೆದೆವು. ಡಾಕ್ಟರಮ್ಮನಿಗೆ ತೋರಿಸಿದಾಗ ಅವರು ಕೇಳಿದ್ದು ಒಂದೇ, ಗಂಟು ಎಲ್ಲಿದೆ? ಕಾಲಿನ ಕಡೆಗೆ ಒಂದು ಗಂಟೂ ಇಲ್ಲ, ಎಲ್ಲ ಎರಡು ಪದರಗಳ ನಡುವೆ ಅಡಗಿವೆ ಎಂದು ಬೆರಳಾಡಿಸಿ ತೋರಿಸಿದ ಮೇಲೆ ಒಪ್ಪಿದರು. ದಾರ ಹರಿದು ಬಂದವಳನ್ನು ಸರದಿಯಲ್ಲಿ ಕಾಯಿಸದೆ ನೇರ ಕಳಿಸಿ ಎಂದೂ ಹೇಳಿದರು.

ಹುಲಿಗೆಮ್ಮ ಚಪ್ಪಲಿ ತೆಗೆದುಕೊಳ್ಳಲು ಬಂದಾಗ, ದಿನಾ ಕಾಳು ತಟ್ಟುವಾಗ ಈ ಹಳದಿ ಸಾಲು ನೋಡು, ಅದು ಹರಿದು ಜೂಲು ಕಂಡ ಮರುದಿನವೇ ಬಂದುಬಿಡು ಎಂದು ಹೇಳಿದೆ. ಗಾಯ ಇರಲಿ, ಇಲ್ಲದಿರಲಿ. ಅವಳು ಚಪ್ಪಲಿಯನ್ನು ತಿರುಗಿಸಿ ನೋಡಿ ನಕ್ಕುಬಿಟ್ಟಳು. ಹರೀಲಿ ಅಂತ ಹೊಲಿಯೋರ್ನ ನಿನ್ನನ್ನs ನೋಡಿದ್ದು ಯಣ್ಣಾ ಅಂದಳು.

ಅವಳು ಮತ್ತೆ ಬರುವ ಮೊದಲೇ ನನ್ನ ನಿವೃತ್ತಿಯ ದಿನ ಬಂದುಬಿಟ್ಟಿತು. ಮನೆಯಲ್ಲಿ ಕೂತರೆ ತಲೆಯಲ್ಲೆಲ್ಲ ಹಳದಿ ದಾರ. ಕಾಲುವೆಯ ಆಳ ಇನ್ನೂ ಸ್ವಲ್ಪ ಕಡಿಮೆ ಇರಬೇಕಿತ್ತೇನೋ. ಕಣದ ಒದ್ದೆಗೆ ದಾರದ ಬಣ್ಣ ಹೋಗಿ ಅವಳಿಗೆ ಕಾಣದಾಗಿದೆಯೇನೋ. ಹರಿದರೂ, ಒಂದು ದಾರಕ್ಕಾಗಿ ಬಳ್ಳಾರಿಗೆ ಯಾರು ಹೋಗುತ್ತಾರೆ ಎಂದು ಅಸಡ್ಡೆ ಮಾಡಿದ್ದಾಳೇನೋ. ನಾಗವೇಣಿಗೆ ಫೋನ್ ಮಾಡಿದಾಗಲೆಲ್ಲ, ಇನ್ನೂ ಬಂದಿಲ್ಲ ಸರ್ ಎಂಬುದೇ ಉತ್ತರ. ಕೊನೆಕೊನೆಗೆ ನಾನು ಹಲೋ ಅನ್ನುವ ಮೊದಲೇ ಅವಳು ಬಂದಿಲ್ಲ ಅನ್ನುತ್ತಿದ್ದಳು.

ಈಚೆಗೆ ನೆಂಟರ ಗೃಹಪ್ರವೇಶಕ್ಕೆಂದು ಸಿರುಗುಪ್ಪಕ್ಕೆ ಹೋದವನು, ಊಟ ಮುಗಿಸಿ ಕೈತೊಳೆದು ನೇರ ಗಿರಣಿಗೆ ನಡೆದೆ. ಮಧ್ಯಾಹ್ನದ ಬುತ್ತಿಗೆಂದು ಹೆಂಗಸರು ಹೊರಬರುತ್ತಿದ್ದರು. ಒಬ್ಬೊಬ್ಬರೂ ಕಟ್ಟೆಗೆ ಚಪ್ಪಲಿ ತಟ್ಟಿದರು, ಮೆಟ್ಟಿದರು, ಹೊರಟರು. ಹುಲಿಗೆಮ್ಮ ಅವರಲ್ಲಿರಲಿಲ್ಲ. ಗೇಟಿನವನನ್ನು ಕೇಳಿದರೆ, ಬೆಳಿಗ್ಗೆನs ಬಳ್ಳಾರಿ ದವಾಖಾನಿಗೆ ಹೋಗ್ಯಾಳ್ರಿ, ಕಾಲಿಂದು ಅಂತ ಅಂದ. ಕಾಲಿನ ಕಾರಣಕ್ಕೆ ಅವಳು ಆಸ್ಪತ್ರೆಗೆ ಹೋದದ್ದೆಲ್ಲ ಗಾಯವಾದ ಮೇಲೆಯೇ. ಪಾದ ಹೋಯಿತು ಎಂದೇ ತೀರ್ಮಾನಿಸಿಬಿಟ್ಟೆ. ನಾಗವೇಣಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಸಿಕ್ಕ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ನನ್ನನ್ನು ನಾನೇ ಬೈದುಕೊಂಡೆ. ದಾರವನ್ನು ನಂಬಿಕೊಂಡು ಒಂದು ಹೆಂಗಸಿನ ಕಾಲು ಕಳೆದೆನಲ್ಲಾ ಎಂದು. ಬಸ್ಸು ನಿಂತಲ್ಲೆಲ್ಲ ಕಂಡಕ್ಟರನ ಮೇಲೆ ರೇಗಿದೆ.

ಆಸ್ಪತ್ರೆಯ ಹಿಂದಿನ ನಮ್ಮ ಕೋಣೆಯ ಬಾಗಿಲಿಗೆ ಬಂದಾಗ, ಹುಲಿಗೆಮ್ಮ ಗೋಡೆಯ ಪಕ್ಕದ ಬೆಂಚಿನ ಮೇಲೆ ಕೂತಿದ್ದಳು. ಎರಡೂ ಕಾಲುಗಳು ಕೆಳಗೆ ಹಾಸಿದ ಬಟ್ಟೆಯ ಮೇಲಿದ್ದವು. ಬ್ಯಾಂಡೇಜ್ ಇರಲಿಲ್ಲ. ನನ್ನನ್ನು ಕಂಡಕೂಡಲೇ ತರಾಟೆಗೆ ತೆಗೆದುಕೊಂಡಳು.

“ಎಂಥ ದಾರ ಹಾಕಿ ಕೊಟ್ಟಿ ಯಣ್ಣಾ, ನಿನ್ನೆ ಕಾಳು ತಟ್ಟಾಕ ಹಿಡಿದ್ರ ಹಳದಿ ದಾರ ಹರದು ಜೋತಾಡಾಕತ್ತೈತಿ. ಗಾಯ ಇಲ್ಲ, ನೋವಿಲ್ಲ, ಏನಿಲ್ಲ. ನಿನ್ ಮಾತಿಗೆ ಇವತ್ತಿನ ಕೆಲಸ ಬಿಟ್ಟು ಬಂದೀನಿ.”

ನೆಲದ ಮೇಲೆ ಕೂತು ಅವಳ ಎಡಗಾಲನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದೆ. ಈ ಸಲ ಅವಳು ಎಳೆದುಕೊಳ್ಳಲಿಲ್ಲ. ಪಾದದ ಮುಂಭಾಗದ ಆ ಜಾಗವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದೆ. ಸ್ವಲ್ಪ ಬಿಸಿಯಿತ್ತು, ಒಂದಿಷ್ಟು ಕೆಂಪಿತ್ತು, ಚರ್ಮ ಗಟ್ಟಿಯಾಗಿತ್ತು. ಎಲ್ಲೂ ಒಡೆದಿರಲಿಲ್ಲ. ಡಾಕ್ಟರಮ್ಮ ಬೆಳಿಗ್ಗೆಯೇ ನೋಡಿ, ಇನ್ನು ಹದಿನೈದು ದಿನ ಇದೇ ಚಪ್ಪಲಿಯಲ್ಲಿ ನಡೆದಿದ್ದರೆ ಇದು ಗಾಯವಾಗುತ್ತಿತ್ತು ಎಂದಿದ್ದರಂತೆ. ನನ್ನ ಕಣ್ಣು ತುಂಬಿ ಬಂತು, ಸುಳ್ಳೇಕೆ ಹೇಳಲಿ. ಸರ್ವೀಸಿನುದ್ದಕ್ಕೂ ಹರಿಯದ ದಾರ ಹುಡುಕಿದವನಿಗೆ, ಹರಿದ ಒಂದು ತುಂಡು ದಾರ ಅಷ್ಟು ಸಂತೋಷ ಕೊಡುತ್ತದೆಂದು ಯಾರಾದರೂ ಹೇಳಿದ್ದರೆ ನಂಬುತ್ತಿರಲಿಲ್ಲ. ಖಾದರ್ ಸಾಬರು ಹೇಳಿದ್ದರು, ನಾನು ಅರ್ಧ ಮಾತ್ರ ಕೇಳಿಸಿಕೊಂಡಿದ್ದೆ.

ನಾಗವೇಣಿ ಆ ಹೊತ್ತಿಗೆ ಹೊಸ ಜೊತೆಯ ಕೊನೆಯ ಸಾಲಿಗೆ ಬಂದಿದ್ದಳು. ಫೋನು ಎತ್ತದಿದ್ದುದಕ್ಕೆ ಬೈಯೋಣವೆಂದರೆ ಅವಳ ಎರಡೂ ಕೈಯಲ್ಲಿ ಸೂಜಿ. ನಾನು ಅಭ್ಯಾಸ ಬಲದಿಂದ ಮೇಣದ ಮುದ್ದೆಗೆ ಕೈ ಚಾಚಿದೆ. ಅವಳು ತಲೆ ಎತ್ತದೆ, ಕೂಡ್ರಿ ಸರ್, ಆಗ್ತಾ ಬಂತು ಅಂದಳು. ಒಳಸಾಲು ಬಿಳಿ, ಹೊರಸಾಲು ಹಳದಿ. ಹಳದಿಯ ಕಾಲುವೆಯನ್ನು ನಾವು ಹಿಂದೆ ನಿರ್ಧರಿಸಿದ್ದಕ್ಕಿಂತ ಕೂದಲಿನಷ್ಟು ಕಡಿಮೆ ಆಳಕ್ಕೆ ಕೊರೆದಿದ್ದಳು. ಕೆಂಪು ಕಾಣುವ ಮೊದಲೇ ಹರಿಯಲಿ ಎಂದು. ನನ್ನನ್ನು ಕೇಳಿರಲಿಲ್ಲ, ಕೇಳುವ ಅಗತ್ಯವೂ ಇರಲಿಲ್ಲ. ನಾನು ಹೋಗಿ ಬೆಂಚಿನ ಮೇಲೆ ಹುಲಿಗೆಮ್ಮನ ಪಕ್ಕದಲ್ಲಿ ಕೂತೆ.

ಚಪ್ಪಲಿ ಸಿದ್ಧವಾಯಿತು. ಹುಲಿಗೆಮ್ಮ ಎರಡನ್ನೂ ಕೈಗೆ ತೆಗೆದುಕೊಂಡು ಬಾಗಿಲಿಗೆ ಹೋದಳು. ಹೊಸ ಚಪ್ಪಲಿಯಲ್ಲಿ ಒಂದು ಕಾಳೂ ಇರಲಿಲ್ಲ, ಆದರೂ ಕವುಚಿ ಹಿಡಿದು ಬಾಗಿಲ ಕಲ್ಲಿಗೆ ಒಮ್ಮೆ ತಟ್ಟಿ, ಹಳದಿ ಸಾಲನ್ನು ಕಣ್ಣಿನ ಹತ್ತಿರ ತಂದು ಈ ತುದಿಯಿಂದ ಆ ತುದಿಗೆ ನೋಡಿದಳು. ಆಮೇಲೆ ನೆಲಕ್ಕಿಟ್ಟು ಎರಡೂ ಕಾಲು ತೂರಿಸಿ, ಸಿರುಗುಪ್ಪದ ಬಸ್ಸಿಗೆ ಹೊತ್ತಾಯಿತೆಂದು ಹೊರಟಳು.